ಕಿಟಕಿಗೆ ಸರಳು ಉಂಟಾ?

ಹೆದರುವವರ ಮೇಲೆ ಕಪ್ಪೆ ಎಸೆದರು ಎಂದು ಒಂದು ಗಾದೆಯಿದೆ. ನನ್ನ ಮೇಲೆ ಬೀಳಲು ಕಪ್ಪೆಗಳು ಟೋಕನ್ ತೆಗೆದುಕೊಂಡು ಸಾಲಾಗಿ ಕುಳಿತಿರುತ್ತವೆ.

ನನ್ನ ಹೆದರಿಕೆಗೆ ಕಾರಣ ನನ್ನ ಕೆಲಸ. ನಮ್ಮ ಗಡಿನಾಡಿನ ಒಂದು ಆಸ್ಪತ್ರೆಯಲ್ಲಿ ಹೊರರೋಗಿಗಳಿಗೆ ಒ.ಪಿ. ಚೀಟಿ ಬರೆಯುವವನು ನಾನು. ಮೂಗಿಗೆ ಹುಣಸೆಬೀಜ ಹಾಕಿಕೊಂಡ ಮಗು, ಬಾಗಿಲ ಸಂದಿಗೆ ಬೆರಳು ಕೊಟ್ಟ ಮಗು, ಜಗಲಿಯಿಂದ ಉರುಳಿದ ಮಗು, ಎಲ್ಲ ನನ್ನ ಕಿಂಡಿಯ ಎದುರಿನಿಂದಲೇ ಒಳಗೆ ಹೋಗಬೇಕು. ಜೊತೆಗೆ ಬಂದ ಅಪ್ಪಂದಿರೆಲ್ಲ ಹೇಳುವುದು ಒಂದೇ ಮಾತು: "ಈಗ ಇಲ್ಲೇ ಆಡ್ತಾ ಇದ್ದ." ಹದಿನೈದು ವರ್ಷ ಇದನ್ನು ಕೇಳಿದ ಮೇಲೆ, ಆಡುವ ಮಗುವನ್ನು ಕಂಡರೆ ನನ್ನ ಕೈ ತಾನಾಗಿ ಪೆನ್ನು ಹುಡುಕುತ್ತದೆ.

ನನಗೂ ಇಬ್ಬರು ಮಕ್ಕಳು. ಮಗಳಿಗೆ ಆರು ವರ್ಷ, ಮಗನಿಗೆ ಎರಡೂವರೆ. ಹೋದ ಓಣಂ ರಜೆಯಲ್ಲಿ ಮೈಸೂರಿಗೆ ಹೋಗುವುದೆಂದು ತೀರ್ಮಾನವಾಯಿತು. ಮಗಳಿಗೆ ಜಿರಾಫೆ ನೋಡಬೇಕಿತ್ತು. ಮೂರು ದಿನ ಉಳಿಯಲು ಜಾಗ ಹುಡುಕುವ ಕೆಲಸವನ್ನು ಹೆಂಡತಿ ನನಗೆ ವಹಿಸಿದಳು. ಅವಳು ಮಾಡಿದ ಅಪರೂಪದ ತಪ್ಪುಗಳಲ್ಲಿ ಇದೊಂದು.

ಏಳನೇ ಮಹಡಿ

ಮಂಜೇಶ್ವರದಲ್ಲಿ ನಮ್ಮ ಮನೆ ರಸ್ತೆಯ ಬದಿಗೇ ಇದೆ. ಮಗ ಎದ್ದ ಕೂಡಲೇ ಕಿಟಕಿಯ ದಂಡೆ ಹತ್ತಿ, ಎರಡು ಕೈಯಲ್ಲಿ ಎರಡು ಕಬ್ಬಿಣದ ಸರಳು ಹಿಡಿದು ನಿಂತು, ಮಂಗಳೂರಿನ ಬಸ್ಸುಗಳಿಗೆಲ್ಲ ಟಾಟಾ ಮಾಡುತ್ತಾನೆ. ಟಾಟಾ ಮಾಡಲು ಒಂದು ಕೈ ಬಿಡಬೇಕಲ್ಲ, ಆಗ ನನಗೆ ಅರ್ಧ ಜೀವ ಹೋಗುತ್ತದೆ. ಸರಳಿರುವುದರಿಂದ ಉಳಿದರ್ಧ ಇರುತ್ತದೆ.

ಫೋನಿನಲ್ಲಿ ಮೈಸೂರಿನ ಒಂದು ಹೋಟೆಲಿನ ಚಿತ್ರ ನೋಡಿದರೆ ಕೋಣೆಯ ಒಂದು ಬದಿ ಪೂರ್ತಿ ಗಾಜು. ಏಳನೇ ಮಹಡಿ. ಅಲ್ಲಿ ಇವನು ದಂಡೆ ಹತ್ತಿ ಹಿಡಿಯಲು ಸರಳು ಹುಡುಕುವುದು ಕಣ್ಣಿಗೆ ಕಟ್ಟಿತು. ಕೂಡಲೇ ಹೋಟೆಲಿಗೆ ಫೋನ್ ಮಾಡಿದೆ.

"ಕಿಟಕಿಗೆ ಸರಳು ಉಂಟಾ?"

"ಏನ್ ಸಾರ್?" ಆಚೆ ಕಡೆ ಒಬ್ಬ ಹುಡುಗಿ.

"ಸರಳು. ಕಬ್ಬಿಣದ್ದು."

"ಇಲ್ಲ ಸಾರ್. ಆದ್ರೆ ವ್ಯೂ ತುಂಬಾ ಚೆನ್ನಾಗಿದೆ. ಬೆಟ್ಟ ಪೂರ್ತಿ ಕಾಣುತ್ತೆ."

"ಬೆಟ್ಟ ಬೇಡ. ಬರೇ ಗೋಡೆ ಕಾಣುವ ಕೋಣೆ ಉಂಟಾ?"

ಅವಳು ದನಿ ತಗ್ಗಿಸಿ ಕೇಳಿದಳು, "ಸಾರ್, ಬರ್ತಿರೋರಲ್ಲಿ ಯಾರಾದ್ರೂ ಪೇಷೆಂಟ್ ಇದ್ದಾರಾ?"

ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆ ಎತ್ತದೆ ಹೇಳಿದಳು, "ಇದ್ದಾರೆ ಹೇಳಿ. ಫೋನಿನಲ್ಲಿ ಮಾತಾಡ್ತಾ ಇರುವವರೇ ಅಂತ ಹೇಳಿ."

ಎರಡು ಅಡಿ ನೀರು

ಮರುದಿನ ಅವಳೇ ಒಂದು ಹೋಟೆಲ್ ಹುಡುಕಿದಳು. ಎರಡೇ ಮಹಡಿ, ಕಿಟಕಿ ಬಿಗಿಯಾಗಿ ಮುಚ್ಚಿರುತ್ತದೆ, ಮಕ್ಕಳಿಗೆ ಚಿಕ್ಕ ಈಜುಕೊಳ. ಕೊಳ ಎಂದು ಓದಿದ ಕೂಡಲೇ ನಾನು ಅಲ್ಲಿಗೆ ಫೋನ್ ಮಾಡಿದೆ. ಎಷ್ಟು ಆಳ ಎಂದು ವಿಚಾರಿಸಿದೆ. ಎರಡು ಅಡಿ ಎಂದರು.

ಟೇಪು ತಂದು ಮಗನನ್ನು ಬಾಗಿಲ ದಾರಂದಕ್ಕೆ ಒರಗಿಸಿ ನಿಲ್ಲಿಸಿ ಅಳೆದೆ. ಎರಡು ಅಡಿ ಎಂದರೆ ಅವನ ಎದೆ. ನಿಂತರೆ ಸರಿ, ಕುಕ್ಕುರು ಕುಳಿತರೆ? ಅವನನ್ನು ಕುಕ್ಕುರು ಕೂರಿಸಿ ಪುನಃ ಅಳೆದೆ. ತಲೆಯೇ ಮುಳುಗುತ್ತದೆ. ಮಲಗಿಸಿ ಅಳೆಯುವಷ್ಟರಲ್ಲಿ ಅವನು ಟೇಪನ್ನು ಕಿತ್ತುಕೊಂಡು ಓಡಿದ. ನಾನು ಹೋಟೆಲಿಗೆ ಪುನಃ ಫೋನ್ ಮಾಡಿ, ನಾವಿರುವ ಮೂರು ದಿನದ ಮಟ್ಟಿಗೆ ನೀರು ಖಾಲಿ ಮಾಡಿಡಲು ಆಗುತ್ತದಾ ಎಂದು ಮರ್ಯಾದೆಯಿಂದಲೇ ಕೇಳಿದೆ. ಅವರು ಫೋನ್ ಇಟ್ಟರು. ಮರ್ಯಾದೆಯಿಂದ ಅಲ್ಲ.

"ಹಿತ್ತಿಲಿನಲ್ಲಿ ನಲವತ್ತು ಅಡಿಯ ಬಾವಿ ಉಂಟು," ಎಂದಳು ಹೆಂಡತಿ. "ಅದರ ನೀರು ಕುಡಿದು ಬೆಳೆದವರು ನೀವು. ಎರಡು ಅಡಿಗೆ ಹೆದರ್ತೀರಲ್ಲ ಮಾರಾಯ್ರೆ."

ಬಾವಿಯ ನೆನಪಾದದ್ದೇ ಆಗ. ಕೂಡಲೇ ಹೋಗಿ ಬಾವಿಯ ಬಾಯಿಗೆ ಕಟ್ಟಿದ ಬಲೆ ಗಟ್ಟಿ ಉಂಟಾ ನೋಡಿ ಬಂದೆ.

ಚಿಕ್ಕಮ್ಮನ ಮನೆ

ಮೈಸೂರಿನಲ್ಲಿ ಹೆಂಡತಿಯ ಚಿಕ್ಕಮ್ಮ ಒಬ್ಬರಿದ್ದಾರೆ. ಸುದ್ದಿ ತಿಳಿದು ಅವರೇ ಫೋನ್ ಮಾಡಿದರು. "ನಾವಿರುವಾಗ ಹೋಟೆಲು ಎಂತಕ್ಕೆ? ಸೀದ ಇಲ್ಲಿಗೆ ಬನ್ನಿ."

ನಾನು ವಿಡಿಯೋ ಕಾಲ್ ಮಾಡಿ, ಮನೆ ನೋಡಿ ತುಂಬಾ ದಿನವಾಯಿತು, ಒಮ್ಮೆ ತೋರಿಸಿ ಎಂದೆ. ಪಾಪ, ಅವರಿಗೆ ಖುಷಿಯಾಯಿತು. ಹೊಸ ಸೋಫಾ ತೋರಿಸಿದರು. ನಾನು ಸೋಫಾದ ಎದುರಿನ ಗಾಜಿನ ಟೀಪಾಯಿ ನೋಡಿದೆ. ದೇವರ ಕೋಣೆ ತೋರಿಸಿದರು. ನಾನು ಉರಿಯುತ್ತಿದ್ದ ದೀಪ ಎಷ್ಟು ಎತ್ತರದಲ್ಲಿದೆ ಎಂದು ನೋಡಿದೆ. ಮೆಟ್ಟಿಲು ಹತ್ತುವಾಗ ಹಿಡಿಯುವ ಕೈತಾಂಗು ಅಲ್ಲಾಡುತ್ತದಾ, ಸ್ವಲ್ಪ ಅಲ್ಲಾಡಿಸಿ ಎಂದೆ. ಅಲ್ಲಾಡಿಸಿದರು. ಗ್ಯಾಸಿನ ಪೈಪು ಯಾವ ಕಡೆಯಿಂದ ಬರುತ್ತದೆ ಎಂದು ಕೇಳಿದೆ. ಟೆರೇಸಿನ ಬಾಗಿಲಿಗೆ ಬೀಗ ಉಂಟಾ ಎಂದು ಕೇಳಿದೆ. ಮಂಡಿನೋವಿನ ಹೆಂಗಸು, ಅದನ್ನೂ ಹತ್ತಿ ತೋರಿಸಿದರು. ಮೇಲೆ ನಿಂತು ಏದುಸಿರು ಬಿಡುತ್ತ ಹೇಳಿದರು:

"ಇನ್ನೆಂತ ನೋಡ್ಲಿಕ್ಕುಂಟು? ಈ ಮನೆ ಮಾರ್ಲಿಕ್ಕೆ ಇಟ್ಟದ್ದಲ್ಲ ಮಾರಾಯ್ರೆ."

ಸಿಕ್ಕಿದ ಕೋಣೆ

ಗಾಜಿನ ಟೀಪಾಯಿಯ ಆ ಮನೆಯನ್ನೂ ಬಿಟ್ಟು ಹುಡುಕಿದಾಗ ಕೊನೆಗೂ ಒಂದು ಹಳೇ ಲಾಡ್ಜ್ ಸಿಕ್ಕಿತು. ಕೋಣೆ ನೆಲಮಟ್ಟದಲ್ಲೇ ಇದೆ, ಮೆಟ್ಟಿಲಿಲ್ಲ, ಬಾಲ್ಕನಿಯಿಲ್ಲ, ಕೊಳವಿಲ್ಲ. ನನ್ನ ಪ್ರಶ್ನೆಗೆ ಮ್ಯಾನೇಜರು, "ಸರಳು ಇದೆ ಸಾರ್, ಹೆಬ್ಬೆಟ್ಟಿನ ದಪ್ಪ. ನಮ್ಮ ತಾತನ ಕಾಲದ್ದು," ಎಂದರು. ಆ ತಾತನ ಫೋಟೋ ಇದ್ದರೆ ಕೈಮುಗಿಯುತ್ತಿದ್ದೆ.

ಸಂಜೆ ತಲುಪಿದೆವು. ಬಸ್ಸಿನಲ್ಲಿ ಮಕ್ಕಳಿಬ್ಬರೂ ವಾಂತಿ ಮಾಡಿಕೊಂಡಿದ್ದರಿಂದ ಮೊದಲು ಸ್ನಾನ ಆಗಬೇಕಿತ್ತು. ಹೆಂಡತಿ ಹಾಲು ತರಲು ಎದುರಿನ ಅಂಗಡಿಗೆ ಹೋದಳು. ನಾನು ಬಚ್ಚಲಿನಲ್ಲಿ ಬಕೆಟಿಗೆ ಬಿಸಿನೀರು ಬಿಟ್ಟು, ಕೋಣೆಯ ಪ್ಲಗ್ಗಿನ ತೂತುಗಳಿಗೆಲ್ಲ ಗಮ್ ಟೇಪು ಅಂಟಿಸಿದೆ. ಆಮೇಲೆ ಬಕೆಟು ಕಣ್ಣಿಗೆ ಬಿತ್ತು. ಬಕೆಟಿನಲ್ಲಿ ತಲೆಕೆಳಗಾಗಿ ಬಿದ್ದ ಮಕ್ಕಳ ಚೀಟಿಯನ್ನೂ ಬರೆದವನು ನಾನು. ಇದಕ್ಕೆ ಮುಚ್ಚಳ ಉಂಟಾ ಎಂದು ಮ್ಯಾನೇಜರನ್ನು ಕೇಳೋಣ ಅಂತ ಎರಡು ಹೆಜ್ಜೆ ಹೊರಗಿಟ್ಟೆ.

ಹಿಂದೆ ಕೋಣೆಯ ಬಾಗಿಲು ಮುಚ್ಚಿತು. ಕೆಳಗಿನ ಚಿಲಕ ಬಿತ್ತು. ಮಗನ ನಗು ಕೇಳಿಸಿತು.

ಬಾಗಿಲು ಬಡಿದೆ. ಒಳಗೆ ನಲ್ಲಿ ಸುರಿಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ವರಾಂಡದ ಕಿಟಕಿಗೆ ಓಡಿದೆ. ಮಗಳು ಮಂಚದ ಮೇಲೆ ಕುಳಿತು ಬಿಸ್ಕತ್ತು ತಿನ್ನುತ್ತಿದ್ದಳು. ಮಗ ಬಚ್ಚಲಿನ ಕಡೆಗೆ ಹೊರಟಿದ್ದ.

"ಮಗಾ, ಬೇಗ ಚಿಲಕ ತೆಗಿ!"

ಮಗಳು ತಲೆಯಲ್ಲಾಡಿಸಿದಳು. "ತೆಗೀಬಾರ್ದು. ನೀವೇ ಹೇಳಿದ್ದಲ್ಲ."

ನಾನೇ ಹೇಳಿದ್ದು. ಪೇಟೆಯಲ್ಲಿ ಯಾರು ಬಾಗಿಲು ಬಡಿದರೂ ತೆಗೆಯಬಾರದು, ಅಮ್ಮ ಹೇಳಿದರೆ ಮಾತ್ರ ತೆಗೆಯಬೇಕು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಪಾಠ ಮಾಡಿದ್ದೆ. ಆಗ ಅವಳು, "ಅಪ್ಪ ಅಂತ ಹೇಳಿದ್ರೆ?" ಎಂದು ಕೇಳಿದ್ದಳು. ಹಾಗೆ ಹೇಳಿ ಮೋಸ ಮಾಡುವವರೂ ಇರುತ್ತಾರೆ ಎಂದು ನಾನೇ ಉತ್ತರ ಕೊಟ್ಟಿದ್ದೆ.

"ನಾನು ನಿಜವಾದ ಅಪ್ಪ! ಕಾಣುದಿಲ್ವಾ ನಿನಗೆ?"

"ಕಾಣ್ತದೆ," ಎಂದು ಇನ್ನೊಂದು ಬಿಸ್ಕತ್ತು ತೆಗೆದುಕೊಂಡಳು.

ಸದ್ದಿಗೆ ಮ್ಯಾನೇಜರು ಓಡಿ ಬಂದರು. ಬಾಗಿಲು ತಳ್ಳಿ ನೋಡಿದರು. ತಾತನ ಕಾಲದ ಬಾಗಿಲು, ಮಿಸುಕಲಿಲ್ಲ. ಕಿಟಕಿ ನೋಡಿದರು, ನನ್ನನ್ನು ನೋಡಿದರು. "ಬೇರೆ ರೂಮಲ್ಲೆಲ್ಲ ಗಾಜು ಸಾರ್, ಸರಿಸಿದ್ರೆ ಒಳಗೆ ಇಳೀಬೋದಿತ್ತು. ಸರಳು ಇರೋದು ಇದೊಂದಕ್ಕೇ. ನೀವು ಕೇಳಿದ್ರಲ್ಲ ಅಂತ ಕೊಟ್ಟಿದ್ದು."

ನಾನು ಸರಳಿನ ನಡುವೆ ಕೈ ತೂರಿಸಿದೆ. ಭುಜದವರೆಗೆ ಹೋಯಿತು, ಅಲ್ಲಿಗೆ ಮುಗಿಯಿತು. ಮಗ ಬಚ್ಚಲಿನೊಳಗೆ ಮರೆಯಾದ. ನಲ್ಲಿ ಸುರಿಯುತ್ತಲೇ ಇತ್ತು. ಆಮೇಲೆ ಧುಮ್ ಎಂದು ನೀರಿಗೆ ಏನೋ ಬಿದ್ದ ಸದ್ದು.

ನನ್ನ ಮಗನ ಹೆಸರು, ವಯಸ್ಸು, ಊರು, ಎಲ್ಲವೂ ನನ್ನದೇ ಅಕ್ಷರದಲ್ಲಿ ಒಂದು ಚೀಟಿಯ ಮೇಲೆ ಕಾಣಿಸಿತು. ಅಂಥ ಹೆದರಿಕೆ ಅದಕ್ಕೆ ಮೊದಲು ನನಗೆ ಆಗಿರಲಿಲ್ಲ. ಅಲ್ಲಿಯವರೆಗಿನದೆಲ್ಲ ಬರೀ ಅಭ್ಯಾಸವಾಗಿತ್ತು.

ಮಗ ಹೊರಗೆ ಬಂದ. ಅಂಗಿಯ ತೋಳು ಮಾತ್ರ ಒದ್ದೆ. ನನ್ನ ಒಂದು ಚಪ್ಪಲಿಯನ್ನು ಬಕೆಟಿಗೆ ಹಾಕಿದ್ದ, ಇನ್ನೊಂದನ್ನು ಒಯ್ಯಲು ಬಂದಿದ್ದ. ಮಗಳು ಕೆಳಗಿಳಿದು ಅವನನ್ನು ಎತ್ತಿಕೊಂಡು ಮಂಚದ ಮೇಲೆ ಕೂರಿಸಿ, ಬಾಯಿಗೆ ಬಿಸ್ಕತ್ತು ಕೊಟ್ಟಳು. ಆಮೇಲೆ ಹೋಗಿ ನಲ್ಲಿಯನ್ನೂ ನಿಲ್ಲಿಸಿ ಬಂದಳು. ನಾನು ಕಿಟಕಿಯ ಕೆಳಗೆ ಕುಸಿದು ಕುಳಿತು, ಮ್ಯಾನೇಜರ ಎದುರೇ ಅತ್ತುಬಿಟ್ಟೆ.

ಅಷ್ಟರಲ್ಲಿ ಹೆಂಡತಿ ಹಾಲಿನ ಪ್ಯಾಕೆಟು ಹಿಡಿದುಕೊಂಡು ಬಂದಳು. ಮ್ಯಾನೇಜರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕಿಟಕಿಯಲ್ಲಿ ಇಣುಕಿ ಇಬ್ಬರನ್ನೂ ನೋಡಿ, ಬಾಗಿಲಿನ ಹತ್ತಿರ ಹೋಗಿ ಸಾವಕಾಶ ಹೇಳಿದಳು, "ಅಮ್ಮ ಬಂದೆ. ಬಾಗಿಲು ತೆಗಿ ಮಗಾ."

ಒಳಗಿನಿಂದ ಮಗಳ ಪುಟ್ಟ ಪಾದಗಳ ಸದ್ದು ಬಾಗಿಲವರೆಗೆ ಬಂದು ನಿಂತಿತು.

"ಅಮ್ಮ ಮಾತ್ರ ಬರುದಾ, ಅಪ್ಪನನ್ನೂ ಬಿಡ್ಬೇಕಾ?"

ಹೆಂಡತಿ ನನ್ನ ಕಡೆ ತಿರುಗಿ ನೋಡಿದಳು. ಕಣ್ಣೊರೆಸಿಕೊಂಡು ಬರಿಗಾಲಲ್ಲಿ ಎದ್ದು ನಿಂತಿದ್ದೆ.

"ಅಪ್ಪ ಹೊರಗೇ ಇರಲಿ ಮಗಾ," ಎಂದಳು. "ಒಳಗೆ ಅವರಿಗೆ ಭಾರಿ ಹೆದರಿಕೆ."