ಕಾಕಾನ ಕಾರಿಗೆ ಹತ್ತಿದ ಥಂಡಿ

ನಮ್ಮ ಕಾಕಾ ಡಾಕ್ಟರ್ ಆಗಬೇಕೆಂದಿದ್ದನಂತೆ. ರಾಣೆಬೆನ್ನೂರಿನ ಜನರ ಪುಣ್ಯ ದೊಡ್ಡದು, ಆಗಲಿಲ್ಲ! ಬೀಜದ ಅಂಗಡಿ ಇಟ್ಟ. ಆದರೆ ರೋಗ ಹುಡುಕುವ ಚಟ ಹೋಗಬೇಕಲ್ಲ? ಸಿಕ್ಕ ಒಬ್ಬನೇ ರೋಗಿ ಅವನ ಹಳೆಯ ಡೀಸೆಲ್ ಕಾರು. ಚಳಿಗಾಲದ ಮುಂಜಾನೆ ಅದು ಕೆಮ್ಮುತ್ತದೆ, ಬಿಳಿ ಹೊಗೆ ಉಗುಳುತ್ತದೆ, ಚಾಲೂ ಮಾತ್ರ ಆಗುವುದಿಲ್ಲ. ಮತ್ತೆ ದೂಡುವವರು ಯಾರು? ಪಕ್ಕದ ಮನೆಯ ಬಡಪಾಯಿ ನಾನು!

ಮೊದಲು ಬ್ಯಾಟರಿಯ ದೋಷವೆಂದ. ಹೊಸದು ಬಂತು; ಕಾರು ಮೊದಲಿಗಿಂತ ಜೋರಾಗಿ ಕೆಮ್ಮಿತು. ಆಮೇಲೆ ಡೀಸೆಲ್ ಫಿಲ್ಟರ್ ಬದಲಾಯಿತು. ಕೊನೆಗೆ ರಾತ್ರಿಯೆಲ್ಲ ಬಾನೆಟ್ಟಿಗೆ ಕಂಬಳಿ ಹೊದಿಸಿದ. ಕಂಬಳಿ ನನ್ನದು!

"ಗ್ಯಾರೇಜಿಗೆ ಬಿಡು ಕಾಕಾ, ನನ್ನ ನಡಾ ಮುರದು ಹೋಗೈತಿ" ಎಂದೆ.

"ಅವರಿಗೇನ್ ಗೊತ್ತೈತಿ? ಇದರ ನಾಡಿ ನಂಗ ಗೊತ್ತೈತಿ. ದೂಡು!"

ಒಂದು ಶನಿವಾರ ಮಧ್ಯಾಹ್ನ ಕದರಮಂಡಲಗಿಯ ಹನುಮಪ್ಪನ ಗುಡಿಗೆ ಹೊರಟಾಗ ಕೀಲಿ ತಿರುಗಿಸಿದೊಡನೆ ಚಾಲೂ ಆಯಿತು. "ನೋಡಿದಿ? ಹನಮಪ್ಪ ಗುಣಾ ಮಾಡಿದ!" ಎಂದು ಕಾಕಾ ಸ್ಟಿಯರಿಂಗಿಗೇ ಕೈಮುಗಿದ. ಸೋಮವಾರ ಮುಂಜಾನೆ ಮತ್ತದೇ ಕೆಮ್ಮು.

ಅವನ ಹೆಂಡತಿ, ನಮ್ಮ ಕಾಕು, ಮೇಡ್ಲೇರಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ದಿನವೂ ಕಾಕಾನೇ ಬಿಟ್ಟು ಬರುವುದು. ಅವಳು ಹಿಂದಿನ ಸೀಟಿನಿಂದ ಬೇಸತ್ತು ಹೇಳಿದಳು: "ಮಧ್ಯಾಹ್ನ ಚಾಲೂ ಆಗತೈತಿ, ಮುಂಜಾನೆ ಆಗಂಗಿಲ್ಲ. ಅಂದಮ್ಯಾಲೆ ಥಂಡಿಯೊಳಗ ಇಂಜಿನ್ ಕಾಯಸೂದು ಏನರ ಇರಬೇಕಲ್ಲ? ಅದನ್ನ ನೋಡ್ರಿ."

ರವಿವಾರ ಕಾಕಾ ಇಂಜಿನ್ ಕಾಯಿಸುವ ಹೀಟರ್ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದಕ್ಕೂ ಬ್ಯಾಟರಿಯ ವಾಯರ್ ಮುಟ್ಟಿಸಿದ. ಒಂದರ ತುದಿ ಕೆಂಪಗಾಯಿತು. ಉಳಿದವು ತಣ್ಣಗೇ ಇದ್ದವು!

ಹೊಸ ಪ್ಲಗ್ ಹಾಕಿದ ಮರುದಿನ ಮುಂಜಾನೆ ಕಾರು ಒಂದೇ ಸಲಕ್ಕೆ ಚಾಲೂ ಆಯಿತು. ದೂಡಲು ಚಾಚಿದ ನನ್ನ ಕೈ ಗಾಳಿಯಲ್ಲೇ ಉಳಿಯಿತು. ಖುಷಿಗಿಂತ ಸಿಟ್ಟೇ ಬಂತು.

"ಇಷ್ಟಕ್ಕ ಗ್ಯಾರೇಜಿಗೆ ಬಿಟ್ಟಿದ್ರ ಎಂದೋ ಮುಗೀತಿತ್ತಲ್ಲ ಕಾಕಾ?"

ಕಾಕು ಇನ್ನೂ ಮನೆಗೆ ಬೀಗ ಹಾಕುತ್ತಿದ್ದಳು. ಕಾಕಾ ಅತ್ತ ನೋಡಿ ದನಿ ತಗ್ಗಿಸಿದ.

"ಬಿಟ್ರ ಇಟ್ಕೊಂಡು ಕುಂದರತಾರ. ಅಲ್ಲೀತನಾ ಆಕಿ ಬಸ್ಸಿಗೆ ಹೋಗಬೇಕು. ಹಿಂದಕೊಮ್ಮೆ ಹತ್ತಿಸಿ ಕಳಿಸಿದ್ದೆ. ಮೊಳಕಾಲ ನೋವಿಗೆ ಮೆಟ್ಟಲಾ ಹತ್ತಾಕ ಆಗಲಾರದ ಅತ್ಲು. ನಂಗ ಕಾಣಬಾರದಂತ ಮಾರಿ ಆ ಕಡೆ ತಿರುವಿದ್ಲು."

ಕಾರಿನಿಂದ ಇಳಿದು ಹಿಂದಿನ ಬಾಗಿಲು ತೆರೆದ. ಕಾಕು ಅವನ ಹೆಗಲು ಹಿಡಿದು ಮೆಲ್ಲಗೆ ಒಳಗೆ ಕೂತಳು. ಅವಳು ಎರಡೂ ಕಾಲು ನೀಡಿಕೊಳ್ಳುವ ತನಕ ಕಾಕಾ ಬಾಗಿಲು ಹಾಕಲಿಲ್ಲ.