ಪಾಚಿ ಹೊದ್ದ ಆಮೆ

ಬಣ್ಣ ಬಳಿದದ್ದೇ ತಪ್ಪಾಯಿತು. ಲೈಮನ್ ಕ್ರೋವೆಲ್‌ನ ರೋಬೋಟ್ ಮೊದಲು ಬರೀ ಬೂದು ಡಬ್ಬಿ. ಕಡಲಾಮೆಯಂತೆ ನಾಲ್ಕು ಈಜುರೆಕ್ಕೆ ಬೀಸಿ ನೀರಿನಡಿ ಸಾಗುವುದಷ್ಟೇ ಅದರ ಕೆಲಸ.

"ಪರೀಕ್ಷೆಗೆ ದೊಡ್ಡೋರು ಬರ್ತಿದ್ದಾರೆ, ಸ್ವಲ್ಪ ಆಮೆ ತರ ಸಿಂಗಾರ ಮಾಡೋ ಮಾರಾಯ" ಎಂದವನು ಅದೇ ಲ್ಯಾಬಿನ ವೇಡ್. ಅವನದು ಪ್ರೊಪೆಲರ್ ರೋಬೋಟ್. ಇಬ್ಬರಲ್ಲಿ ಗೆದ್ದವನಿಗೆ ಕೆಲಸ ಉಳಿಯುತ್ತದೆ, ಸೋತವನು ಮನೆಗೆ. ಅಂಥವನ ಸಲಹೆ ಕೇಳಿದ ಲೈಮನ್‌ನ ಬುದ್ಧಿಗೆ ಏನೆನ್ನೋಣ!

ನವೆಂಬರಿನ ಆ ಬೆಳಿಗ್ಗೆ ಕೇಪ್ ಕಾಡ್ ಕೊಲ್ಲಿಯಲ್ಲಿ ಬಿಟ್ಟ ರೋಬೋಟ್, ಪರೀಕ್ಷಕಿ ಪಚೇಕೊ ಕಾಯುತ್ತಿದ್ದ ಕಟ್ಟೆಗೆ ಬರಲೇ ಇಲ್ಲ. ಲೈಮನ್ ದಡದುದ್ದಕ್ಕೂ ಓಡಿದ. ಮರಳಿನ ಮೇಲೊಂದು ಕಡಲಪಾಚಿಯ ಗುಡ್ಡೆ, ಅದರಡಿಯಿಂದ ಇಣುಕುತ್ತಿದ್ದ, ಅವನೇ ಬಣ್ಣ ಬಳಿದ ಈಜುರೆಕ್ಕೆ, ಪಕ್ಕದಲ್ಲಿ ಕಾವಲಿಗೆ ಡೋರ್ಕಸ್ ನಿಕರ್ಸನ್. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಆಕೆಗೆ ಈಗ ಇದೇ ಉದ್ಯೋಗ: ಚಳಿಗೆ ಮರಗಟ್ಟಿ ದಡಕ್ಕೆ ಬೀಳುವ ಆಮೆಗಳನ್ನು ಮೇಲೆಳೆದು ಪಾಚಿ ಹೊದಿಸುವುದು, ಆಸ್ಪತ್ರೆಯ ಗಾಡಿ ಬರುವ ತನಕ ಯಾರೂ ಮುಟ್ಟದಂತೆ ಕಾಯುವುದು.

"ದೂರ ನಿಲ್ಲು! ಮುಟ್ಟಿದ್ರೆ ಪೊಲೀಸರನ್ನ ಕರೀತೀನಿ!"

"ಡೋರ್ಕಸಮ್ಮ, ಅದು ನನ್ನದು!"

"ಕಡಲಾಮೆ ನಿನ್ನದು ಹೇಗೋ? ಹಾಲು ಕುಡಿಸಿ ಸಾಕಿದ್ಯಾ?"

"ಅದಕ್ಕೆ ಬ್ಯಾಟರಿ ಇದೆ!"

"ನನ್ನ ಹೃದಯಕ್ಕೂ ಇದೆ. ಹಾಗಂತ ನನ್ನನ್ನೂ ಸಮುದ್ರಕ್ಕೆ ಎಸೀತೀಯಾ?"

ಲೈಮನ್ ನುಗ್ಗಿ ಎಳೆದ. ಅವಳೂ ಎಳೆದಳು. ಒಂದು ಈಜುರೆಕ್ಕೆ ಕಿತ್ತು ಅವನ ಕೈಗೆ ಬಂತು. ಕೂಗಲು ಬಾಯಿ ತೆರೆದ ಡೋರ್ಕಸ್, ಒಳಗಿನ ತಂತಿಗಳನ್ನು ಕಂಡು ಹಾಗೇ ಮುಚ್ಚಿಕೊಂಡಳು.

ಅಷ್ಟರಲ್ಲಿ ಪಚೇಕೊ ಬಂದರು, ಹಿಂದೆಯೇ ವೇಡ್. ಅವನು ಹೊಟ್ಟೆ ಹಿಡಿದು ನಕ್ಕ. ಪಚೇಕೊ ನಗಲಿಲ್ಲ.

"ಆಮೆಗಳ ನಡುವೆಯೇ ಇರೋ ಇವರೇ ಮೋಸ ಹೋದ್ರಾ? ಅಬ್ಬ! ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಾ?" ಎಂದು ಪೆನ್ನು ತೆಗೆದರು.

ವೇಡ್‌ನ ನಗು ಇಳಿಯಿತು. ಲೈಮನ್‌ನ ಹೋದ ಜೀವ ಬಂತು. ವರ್ಷಗಟ್ಟಲೆ ಪಟ್ಟ ಪಾಡಿಗೆ ಬೆಲೆ ಸಿಕ್ಕಿತೆಂದು ಅವನ ಕಣ್ಣೇ ಒದ್ದೆಯಾಯಿತು.

"ಹೇಳಿ ಡೋರ್ಕಸ್, ಅದು ಈಜೋ ರೀತಿ ನೋಡಿ ತಾನೆ ಆಮೆ ಅನ್ನಿಸಿದ್ದು?" ಎಂದು ಪಚೇಕೊ ಕೇಳಿದರು.

"ಈಜೋದಾ? ಈಜ್ತಿದ್ರೆ ನಾನ್ಯಾಕೆ ಮುಟ್ತಿದ್ದೆ? ಹೆಣದ ಹಾಗೆ ತೇಲ್ಕೊಂಡು ಬಂದು ಬಿತ್ತು. ಒಂದು ರೆಕ್ಕೇನೂ ಅಲ್ಲಾಡ್ಲಿಲ್ಲ. ಅದಕ್ಕೇ ಚಳಿಗೆ ಸಿಕ್ಕಿದ ಆಮೆ ಅಂದ್ಕೊಂಡೆ."

ಪಚೇಕೊ ಪೆನ್ನಿನ ಮುಚ್ಚಳ ಹಾಕಿದರು. ವೇಡ್ ತನ್ನ ರೋಬೋಟನ್ನು ತರಲು ಓಡಿದ.

ಲೈಮನ್ ಕಿತ್ತ ರೆಕ್ಕೆ ಹಿಡಿದು ಮರಳಿನ ಮೇಲೆ ಕುಸಿದ. ನಡುಗುತ್ತಿದ್ದ ಅವನನ್ನು ಕಂಡು ಡೋರ್ಕಸ್‌ಗೆ ಅಯ್ಯೋ ಅನ್ನಿಸಿತು.

"ಅಲ್ಲಾಡ್ಬೇಡ ಕಣಪ್ಪ, ಗಾಡಿ ಈಗ ಬರುತ್ತೆ" ಎಂದು, ರೂಢಿಯಂತೆ ಒಂದು ತೆಕ್ಕೆ ಪಾಚಿಯನ್ನು ಅವನ ಬೆನ್ನಿನ ಮೇಲೆ ಹೊದಿಸಿದಳು.