ಗೋಲ್‌ಪೋಸ್ಟಿನಲ್ಲಿ ಭೌತಶಾಸ್ತ್ರ

ನನ್ನ ಚಿಕ್ಕಮ್ಮನ ಮಗಳಿಗೆ ಬುದ್ಧಿ ತಲೆಯಲ್ಲಿದೆಯೋ ಕಾಲಿನಲ್ಲಿದೆಯೋ ಎಂಬ ಪ್ರಶ್ನೆಯನ್ನು ನಮ್ಮ ವಂಶ ಇನ್ನೂ ಇತ್ಯರ್ಥಪಡಿಸಿಲ್ಲ! ಅವಳ ಊರು ಗೌನಿಪಲ್ಲಿ; ಕೋಲಾರದ ನಮ್ಮ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಾಳೆ. ಎಂ.ಎಸ್ಸಿ. ಭೌತಶಾಸ್ತ್ರದ ಸೀಟು ಬೇಕೇ ಬೇಕು. ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್ ಸ್ಥಾನವೂ ಬೇಕೇ ಬೇಕು. ಯಾವುದು ಮೊದಲು ಎಂದು ಕೇಳಿದರೆ, “ಎರಡೂ ಮೊದ್ಲೇ ಅಕ್ಕಾ” ಎನ್ನುತ್ತಾಳೆ. ಇದು ಯಾವ ಲೆಕ್ಕ?

ಅನ್ಯಾಯವನ್ನು ಕಂಡಲ್ಲೇ ಹೆಸರು ಹಿಡಿದು ಕೂಗಬೇಕೆಂದು ಕಲಿಸಿದ ಶಾಲೆಯಲ್ಲಿ ಓದಿದವಳು ನಾನು. ಹುಡುಗರು ಆಡಿ ದಣಿದ ಮೇಲಷ್ಟೇ ಹುಡುಗಿಯರಿಗೆ ಮೈದಾನ ಸಿಗುವುದು ಅನ್ಯಾಯ. ಬಟ್ಟೆ ಬದಲಿಸಲು ಒಂದು ಕೋಣೆ ಇಲ್ಲದಿರುವುದು ಘೋರ ಅನ್ಯಾಯ. ಇದನ್ನೆಲ್ಲ ಅವಳಿಗೆ ವಿವರಿಸಲು ಹೋದರೆ, “ಭಾಷಣ ಆಮೇಲೆ ಮಾಡೇ ಅಕ್ಕಾ, ಈಗ ಚೆಂಡು ಒದಿ” ಎಂದು ನನ್ನನ್ನೇ ತಾರಸಿಗೆ ಎಳೆಯುತ್ತಾಳೆ! ನಾನು ಒದೆಯಬೇಕು; ಅವಳು ಸೂತ್ರ ಒಪ್ಪಿಸುತ್ತಾ ಹಿಡಿಯಬೇಕು. ಸೂತ್ರ ತಪ್ಪಿದ ದಿನ ಪಕ್ಕದ ಮನೆಯ ತುಳಸಿ ಗಿಡಕ್ಕೆ ಏಟು.

ಮುಳಬಾಗಿಲಿನ ತಂಡದ ಎದುರಿನ ಪಂದ್ಯದಲ್ಲಂತೂ ಗೋಲಿನ ಮುಂದೆ ನಿಂತು ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳನ್ನು ಮೂರು ದಿಕ್ಕಿಗೆ ಚಾಚಿಕೊಂಡು ಏನನ್ನೋ ಗೊಣಗುತ್ತಿದ್ದಳು. ಚೆಂಡು ತಂದ ಹುಡುಗಿ ಹೆದರಿ ಹೊರಕ್ಕೆ ಒದ್ದಳು!

“ಸಾರ್, ಇವ್ಳು ಮಾಟ ಮಾಡ್ತಾವ್ಳೆ!”

ರೆಫರಿ ಓಡಿಬಂದರು. “ಏನಮ್ಮಾ ಇದು?”

“ಎಡಗೈ ನಿಯಮ ಸಾರ್. ಬಲ, ಕಾಂತಕ್ಷೇತ್ರ, ವಿದ್ಯುತ್ತು. ನಾಳೆ ಇಂಟರ್ನಲ್ಸ್.”

ಇದಕ್ಕೆ ಹಳದಿ ಕಾರ್ಡು ಕೊಡಬೇಕೋ ಅಂಕ ಕೊಡಬೇಕೋ ಎಂದು ತಿಳಿಯದೆ ಅವರು ಸುಮ್ಮನೆ ಸೀಟಿ ಊದಿದರು.

ಉಪದೇಶಕ್ಕೇನು ಬರವೇ? ಚಿಕ್ಕಮ್ಮ ಫೋನಿನಲ್ಲಿ ತಮ್ಮೂರಿನ ತೆಲುಗು ಬೆರೆಸಿ, “ಎಂದುಕೇ ನೀಕು ಆ ಬಾಲು? ಬಿಟ್ಟು ಓದ್ಕೋಬಾರ್ದಾ?” ಎನ್ನುತ್ತಾರೆ. ತರಬೇತುದಾರರು, “ಓದೋರು ಎಷ್ಟೋ ಜನ ಸಿಗ್ತಾರೆ ಕಣಮ್ಮ, ಗೋಲ್ ಕಾಯೋರು ಸಿಗಲ್ಲ. ಪುಸ್ತಕ ಸ್ವಲ್ಪ ಬದಿಗಿಡು” ಎನ್ನುತ್ತಾರೆ. ಇಬ್ಬರಿಗೂ ಅವಳು “ಹೂಂ” ಎನ್ನುತ್ತಾಳೆ. ಆ ಹೂಂ ಯಾವುದಕ್ಕೆ ಎಂಬುದು ನನಗಿನ್ನೂ ಬಗೆಹರಿದಿಲ್ಲ.

ಕಳೆದ ತಿಂಗಳು ಇದ್ದಕ್ಕಿದ್ದಂತೆ ಊಟ ಬಿಟ್ಟಳು, ಮಾತೂ ಬಿಟ್ಟಳು. ಕಾರಣ ತಿಳಿಸಿದ್ದು ಅವಳ ಗೆಳತಿ: ಸೆಮಿಫೈನಲ್ ಪಂದ್ಯ ಮತ್ತು ಭೌತಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ ಒಂದೇ ಬೆಳಿಗ್ಗೆ! ಪರೀಕ್ಷೆ ತಪ್ಪಿದರೆ ಸೀಟಿನ ಆಸೆ ಬಿಡಬೇಕು. ಪಂದ್ಯ ತಪ್ಪಿದರೆ ಗೋಲು ಕಾಯಲು ಇನ್ನೊಬ್ಬಳಿಲ್ಲ.

ನಾನು ಅನ್ಯಾಯಗಳನ್ನೆಲ್ಲ ಕ್ರಮವಾಗಿ ಜೋಡಿಸಿಕೊಂಡು ಪ್ರಾಂಶುಪಾಲರೆದುರು ಕುಳಿತೆ. ಇನ್ನೂ ಮೈದಾನದ ವಿಷಯದಲ್ಲೇ ಇದ್ದೆ, ಅವರು ಕೈಯೆತ್ತಿದರು.

“ಮಧ್ಯಾಹ್ನ ಇನ್ನೊಂದು ಬ್ಯಾಚ್ ಇದೆ ಮೇಡಂ, ಅದಕ್ಕೆ ಹಾಕಿದ್ರಾಯ್ತು. ಆ ಹುಡುಗಿ ಕೇಳ್ಲೇ ಇಲ್ವಲ್ಲ?”

ಇಷ್ಟೇ! ಉಳಿದ ಅನ್ಯಾಯಗಳನ್ನು ನಾನೀಗ ಎಲ್ಲಿ ಮಂಡಿಸಲಿ?

ಬೆಳಗಿನ ಪಂದ್ಯದಲ್ಲಿ ತಂಡ ಒಂದು ಗೋಲಿನಿಂದ ಸೋತಿತು. ಮೈದಾನದಿಂದಲೇ ಆಟೋ ಹಿಡಿದು ಕಾಲೇಜಿಗೆ ಧಾವಿಸಿದೆವು. ಮಂಡಿಯ ಕೆಮ್ಮಣ್ಣು ತೊಳೆಯಲೂ ವ್ಯವಧಾನವಿರಲಿಲ್ಲ. ಲ್ಯಾಬಿನ ಬಾಗಿಲಲ್ಲಿ, ತಡೆಯಲಾರದೆ ಕೇಳಿದೆ:

“ಪ್ರಾಂಶುಪಾಲರನ್ನ ನೀನೇ ಯಾಕೆ ಕೇಳ್ಲಿಲ್ಲ?”

“ಕೇಳಿದ್ರೆ ಒಂದನ್ನ ಬಿಡು ಅಂತಾರೆ ಅಕ್ಕಾ. ಎಲ್ರೂ ಅದನ್ನೇ ಅನ್ನೋದು.”

“ನನಗಾದ್ರೂ ಹೇಳ್ಬೋದಿತ್ತಲ್ಲೇ?”

ಅವಳು ತಲೆ ತಗ್ಗಿಸಿ ಕೈಗವಸುಗಳನ್ನು ಕಳಚಿದಳು. “ನೀನೂ ಅಂದ್ಬಿಟ್ರೆ ಇನ್ಯಾರಿದಾರೆ ಅಂತ…”

ಕೈಗವಸುಗಳನ್ನು ನನ್ನ ಕೈಗೆ ತುರುಕಿ ಒಳಗೆ ಓಡಿದಳು. ಬಾಗಿಲು ಮುಚ್ಚಿತು. ನಾನು ಅಲ್ಲೇ ನಿಂತು, ಏಕೆಂದು ನನಗೇ ತಿಳಿಯದೆ, ಅವುಗಳೊಳಗೆ ಬೆರಳು ತೂರಿಸಿದೆ. ಇನ್ನೂ ಬೆಚ್ಚಗಿದ್ದವು.